ಒಂದೂವರೆ ಸುತ್ತು ಸಡಿಲ

"ಏಳ್ತೀಯೋ, ಇಲ್ಲ ನಿನ್ನನ್ನೂ ಸೇರಿಸಿ ಗಾಡಿಗೆ ಹಾಕ್ಲೋ?" ಎಂದ ಡೇಲ್ ಗ್ರಾಹೆಕ್.

ಐಲಾ ಕೊಸ್ಕಿ ಏಳಲಿಲ್ಲ. ನೆಲಮಾಳಿಗೆಯ ಸಿಮೆಂಟಿನ ಮೇಲೆ ಒಂದು ಬಕೆಟ್ ಬೋರಲು ಹಾಕಿಕೊಂಡು, ಮನೆ ಕಾಯಿಸುವ ಫರ್ನೇಸಿಗೆ ಬೆನ್ನು ಕೊಟ್ಟು ಕೂತಿದ್ದಳು. ಡೇಲ್ ಕೈಗಾಡಿಯನ್ನು ಮೆಟ್ಟಿಲ ಬುಡದವರೆಗೂ ತಂದಿದ್ದ. ಫರ್ನೇಸನ್ನು ಒಯ್ಯಲು ಬಂದ ಗುಜರಿಯವನ ಟ್ರಕ್ಕು ಹೊರಗೆ ಇಂಜಿನ್ ಆರಿಸದೆ ಕಾಯುತ್ತಿತ್ತು. ಅಂಥ ಚಳಿಯಲ್ಲಿ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆ ಇರಲಿಲ್ಲ.

ಡೇಲ್‌ನ ದೊಡ್ಡಪ್ಪ ಲೂಯಿ ಈ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಕುಡಿದು ಸತ್ತು ಒಂಬತ್ತು ದಿನವಾಗಿತ್ತು. ಕೊಂದದ್ದು ಈ ಹಳೆಯ ಗ್ಯಾಸ್ ಫರ್ನೇಸು, ಅಕ್ಟೋಬರಿನಲ್ಲಿ ಅದನ್ನು ರಿಪೇರಿ ಮಾಡಿದವಳು ಐಲಾ ಎಂದು ಕೌಂಟಿಯ ವರದಿ ಹೇಳಿತ್ತು.

"ಹನ್ನೊಂದು ಗಂಟೆವರೆಗೆ ಇದು ನನ್ನದು. ಹಾಗ್ಲಂಡ್ ಅವರು ಒಪ್ಪಿದ್ದಾರೆ," ಎಂದಳು.

ಕೌಂಟಿ ಪೊಲೀಸಿನ ಡೆಪ್ಯುಟಿ ಹಾಗ್ಲಂಡ್ ಗೋಡೆಗೆ ಒರಗಿ ನಿಂತಿದ್ದ. ಬಾಗಿಲಿಗೆ ಅಂಟಿಸಿದ್ದ ಪೊಲೀಸ್ ಪಟ್ಟಿಯನ್ನು ಹತ್ತು ಗಂಟೆಗೆ ತಾನೇ ಕತ್ತರಿಸಿ, ಅವಳನ್ನು ಒಳಗೆ ಬಿಟ್ಟಿದ್ದ. ಲೂಯಿ ಸತ್ತ ದಿನದಿಂದ ಅಲ್ಲಿಗೆ ಯಾರೂ ಇಳಿದಿರಲಿಲ್ಲ. ವರದಿ ಬರೆದವನೂ ಮೆಟ್ಟಿಲ ಮೇಲೆಯೇ ನಿಂತು ನೋಡಿ, 'ನಲವತ್ತು ವರ್ಷ ಹಳೆಯದು, ಸೋರಿದೆ' ಎಂದು ಬರೆದುಕೊಂಡು ಹೋಗಿದ್ದ. ಒಂದು ಮುಚ್ಚಳವನ್ನೂ ತೆಗೆದಿರಲಿಲ್ಲ.

"ಈಗ ಹತ್ತೂ ಹತ್ತು. ಬೇಗ ಮುಗಿಸು, ಐಲಾ. ನನ್ನ ಕಾಲು ಮರಗಟ್ಟಿದೆ," ಎಂದ ಹಾಗ್ಲಂಡ್.

ಅವಳ ಕೋಟಿನ ಜೇಬಿನಲ್ಲಿ ಒಂದು ಹಾಳೆ ಇತ್ತು. ಅವಳು ಕೆಲಸ ಮಾಡುವ ರಿಪೇರಿ ಅಂಗಡಿಯ ಮಾಲೀಕ ರೈನೋ ಲಾಹ್ತಿ ನಿನ್ನೆ ಟೈಪು ಮಾಡಿಸಿ ಕೊಟ್ಟದ್ದು. ತಪ್ಪು ನನ್ನದೇ ಎಂದು ಅವಳು ಸಹಿ ಹಾಕಬೇಕು. ವಿಮೆಯವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ, ಜೈಲು ತಪ್ಪುತ್ತದೆ, ಲೈಸೆನ್ಸು ಮಾತ್ರ ಹೋಗುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಹುಡುಗಿಗೆ ಫರ್ನೇಸ್ ಕೆಲಸ ಯಾರು ಕೊಡುತ್ತಾರೆ ಎಂದು ಅಲ್ವಾರ ಊರೆಲ್ಲ ನಕ್ಕಾಗ ಅವಳ ಕೈಗೆ ಸ್ಪ್ಯಾನರ್ ಕೊಟ್ಟವನು ರೈನೋ. ಅವನ ಮಾತಿಗೆ ಅವಳು ಅದುವರೆಗೆ ಇಲ್ಲ ಎಂದಿರಲಿಲ್ಲ.

ಹಾಳೆಗೆ ಅವಳು ಸಹಿ ಹಾಕಿರಲಿಲ್ಲ.

"ಇದರಲ್ಲಿ ನೋಡೋದೇನಿದೆ?" ಡೇಲ್ ಗಾಡಿಯನ್ನು ಒದ್ದ. "ನೀನು ರಿಪೇರಿ ಮಾಡಿದ ಚಂದ ನಾನೇ ನೋಡಿದೀನಲ್ಲ. ಆವತ್ತು ಬೆಳಿಗ್ಗೆ ಎಂಟಕ್ಕೆ ಬಂದ್ರೆ ಗಾಳಿಕಿಂಡಿಯಿಂದ ತಣ್ಣನೆ ಗಾಳಿ ಬುಸುಬುಸು ಅಂತ ಬರ್ತಿತ್ತು. ಒಳಗಿಗಿಂತ ಹೊರಗೇ ವಾಸಿ ಅನ್ನಿಸ್ತು."

ಐಲಾ ತಿರುಗಿ ಅವನನ್ನು ನೋಡಿದಳು.

"ಇನ್ನೊಂದ್ಸಲ ಹೇಳು."

"ಏನು?"

"ಎಂಥ ಗಾಳಿ ಬರ್ತಿತ್ತು ಅಂತ."

"ತಣ್ಣನೆ ಗಾಳಿ. ಕಿವಿ ಕೇಳಲ್ವಾ?"

"ಬರ್ಕೊಳ್ಳಿ, ಹಾಗ್ಲಂಡ್ ಅವರೇ," ಎಂದಳು. "ಅವನ ಬಾಯಿಂದಲೇ ಬಂತು."

ಹಾಗ್ಲಂಡ್ ಬರೆದುಕೊಂಡ. ಬರೆದ ಮೇಲೆ, "ಇದರಿಂದೇನಾಯ್ತು?" ಎಂದ.

"ಇದರೊಳಗೆ ಎರಡು ಕೆಲಸ ನಡೆಯುತ್ತೆ. ಕೆಳಗೆ ಬೆಂಕಿ ಉರಿಯುತ್ತೆ, ಆ ಕಡೆ ಫ್ಯಾನು ಊದುತ್ತೆ. ಎರಡೂ ಬೇರೆ ಬೇರೆ. ಬಿಸಿ ಗಾಳಿ ಬಂತು ಅಂದ್ರೆ ಬೆಂಕಿ ಇದೆ. ತಣ್ಣನೆ ಗಾಳಿ ಬಂತು ಅಂದ್ರೆ ಬರೀ ಫ್ಯಾನು ತಿರುಗ್ತಿದೆ. ವಿಷ ಬರೋದು ಬೆಂಕಿಯಿಂದ. ಬೆಂಕಿಯೇ ಇಲ್ಲದ ಫರ್ನೇಸು ಯಾರನ್ನು ಕೊಲ್ಲುತ್ತೆ?"

"ರಾತ್ರಿಯೆಲ್ಲ ಉರಿದು, ದೊಡ್ಡಪ್ಪನ್ನ ಮುಗಿಸಿ, ಬೆಳಗಿನ ಜಾವ ಆರಿರಬಹುದು," ಎಂದ ಡೇಲ್.

ಹಾಗ್ಲಂಡ್ ತಲೆಯಾಡಿಸಿದ. "ಅದೂ ನಿಜ. ಲೂಯಿ ಸತ್ತಿದ್ದು ಮೂರು ಗಂಟೆ ಆಸುಪಾಸು ಅಂತಾರೆ ಡಾಕ್ಟ್ರು. ಇವನು ಬಂದಿದ್ದು ಎಂಟಕ್ಕೆ."

ಐಲಾ ಟಾರ್ಚು ಹತ್ತಿಸಿಕೊಂಡು ಕೆಲಸಕ್ಕೆ ಇಳಿದಳು.

ಮೊದಲು ಮೇಲೆ ಹೋಗಿ ಗೋಡೆಯ ಥರ್ಮೋಸ್ಟಾಟ್ ನೋಡಿದಳು. ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟಿತ್ತು. ಲೂಯಿ ಯಾವತ್ತೂ ಇಡುತ್ತಿದ್ದುದು ಅಲ್ಲಿಗೇ. ಕೆಳಗೆ ಬಂದು ಫಿಲ್ಟರ್ ಎಳೆದಳು. ಧೂಳಿತ್ತು, ಕಟ್ಟಿಕೊಂಡಿರಲಿಲ್ಲ. ವಿದ್ಯುತ್ತು ಇತ್ತು, ಫ್ಯಾನು ಈಗಲೂ ತಿರುಗುತ್ತಿತ್ತು. ಗ್ಯಾಸಿನ ಕೊಳವೆಯ ಹಿಡಿ ತೆರೆದೇ ಇತ್ತು.

ಫ್ಯಾನಿನ ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ಬಿಳಿ ಗುಂಡಿ. ಒಳಗೆ ಒತ್ತಿದರೆ ಬೆಂಕಿ ಹೊತ್ತಿದಾಗ ಮಾತ್ರ ಫ್ಯಾನು ತಿರುಗುತ್ತದೆ. ಹೊರಗೆ ಎಳೆದರೆ ಬೆಂಕಿ ಇರಲಿ ಬಿಡಲಿ, ತಿರುಗುತ್ತಲೇ ಇರುತ್ತದೆ.

ಗುಂಡಿ ಹೊರಗಿತ್ತು.

"ಇದನ್ನ ಎಳೆದೋರು ಯಾರು?"

"ನನಗೇನು ಗೊತ್ತು? ಇವತ್ತಿಗಿಂತ ಮುಂಚೆ ನಾನು ಇಲ್ಲಿಗೆ ಇಳಿದೇ ಇಲ್ಲ," ಎಂದ ಡೇಲ್.

ಅವಳು ಕೆಳಗಿನ ಮುಚ್ಚಳ ತೆಗೆದು ಮಂಡಿಯೂರಿದಳು. ಸದಾ ಉರಿಯಬೇಕಾದ ಸಣ್ಣ ಪೈಲಟ್ ಜ್ವಾಲೆ ಇರಲಿಲ್ಲ. ಬರ್ನರುಗಳ ಮೇಲೆ ತೆಳುವಾಗಿ ತುಕ್ಕಿನ ಪುಡಿ ಬಿದ್ದಿತ್ತು. ಮಸಿ ಎಲ್ಲೂ ಇರಲಿಲ್ಲ. ಕೆಟ್ಟದಾಗಿ ಉರಿದ ಬೆಂಕಿ ಮಸಿ ಬಿಡದೆ ಹೋಗುವುದಿಲ್ಲ. ಅವಳು ಬರ್ನರಿಗೆ ಬೆರಳು ಒರೆಸಿ ಹಾಗ್ಲಂಡ್‌ಗೆ ತೋರಿಸಿದಳು. ಅವನು ಬೆರಳನ್ನು ನೋಡಿ ಬರೆದುಕೊಂಡ.

"ಆವತ್ತು ನೀವು ತೆಗೆದ ಫೋಟೋ ಇದೆಯಾ?"

ಅವನು ಫೋನು ಕೊಟ್ಟ. ಅವಳು ಒಂದೊಂದೇ ನೋಡುತ್ತ ಹೋದಳು. ಅಡುಗೆಮನೆ. ಸಿಂಕಿನಲ್ಲಿ ನೆನೆಹಾಕಿದ ಬಾಣಲೆ, ಅದರಲ್ಲಿ ನೀರು. ಅವಳು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು.

"ಇದು ನೀರಲ್ಲ. ಐಸು. ಚಮಚ ಇದರೊಳಗೆ ನೆಟ್ಟಗೆ ನಿಂತಿದೆ."

ಹಾಗ್ಲಂಡ್ ಕನ್ನಡಕ ಹಾಕಿಕೊಂಡ. "ಹೌದಲ್ಲ. ಬಾಣಲೆ ಎತ್ತಿದಾಗ ಗಟ್ಟಿಯಾಗೇ ಇತ್ತು."

"ಬೆಚ್ಚಗಿರೋ ಮನೆ ತಣ್ಣಗಾಗಿ, ಆಮೇಲೆ ಬಾಣಲೆ ನೀರು ತಳದವರೆಗೂ ಹೆಪ್ಪುಗಟ್ಟಬೇಕು. ಹೊರಗೆ ಎಷ್ಟೇ ಚಳಿ ಇರಲಿ, ಐದು ಗಂಟೇಲಿ ಆಗೋ ಮಾತಾ ಇದು? ಅರ್ಧ ದಿನ ಬೇಕು. ಫ್ಯಾನು ತಣ್ಣನೆ ಗಾಳಿ ತುಂಬ್ತಿದ್ರೂ ಅಷ್ಟು ಬೇಕು. ಬೆಂಕಿ ಆರಿದ್ದು ಬೆಳಗಿನ ಜಾವ ಅಲ್ಲ. ಹಿಂದಿನ ದಿನ ಸಂಜೆಯೊಳಗೆ."

"ಹಾಗಾದ್ರೆ ಲೂಯಿ ನಿನಗೆ ಫೋನ್ ಮಾಡಬೇಕಿತ್ತಲ್ಲ."

"ಆವತ್ತು ಭಾನುವಾರ, ದೇವರ ದಿನ. ಭಾನುವಾರ ಇನ್ನೊಬ್ಬರನ್ನ ಕೆಲಸಕ್ಕೆ ಕರೆಯೋ ಮನುಷ್ಯನಾ ಲೂಯಿ? ಎರಡು ಸ್ವೆಟರ್ ಹಾಕ್ಕೊಂಡು ಸೋಮವಾರ ಕಾಯೋನು."

ಹಾಗ್ಲಂಡ್ ಒಪ್ಪಿದ. ಅವನ ಅಪ್ಪನೂ ಹಾಗೆಯೇ ಇದ್ದ. ಸೋಮವಾರದವರೆಗೆ ಮುರಿದ ಕೈಯಲ್ಲೇ ಕೂತಿದ್ದನಂತೆ.

ಐಲಾ ಮುಂದಿನ ಚಿತ್ರಕ್ಕೆ ಹೋದಳು. ಮಲಗುವ ಕೋಣೆ. ಮಂಚದ ಪಕ್ಕದ ಮೇಜಿನ ಮೇಲೆ ಗಾಜಿನ ಲೋಟ, ಅದರಲ್ಲಿ ಲೂಯಿಯ ಹಲ್ಲುಸೆಟ್ಟು. ಅದರ ಪಕ್ಕದಲ್ಲಿ ಡೇಲ್‌ನ ಕೈ ಮೇಜನ್ನು ಹಿಡಿದುಕೊಂಡಿತ್ತು. ಮೇಜು ಅಲುಗಿರಬೇಕು, ಲೋಟದಲ್ಲಿ ನೀರು ಓರೆಯಾಗಿತ್ತು.

ಅವಳು ಆ ಲೋಟವನ್ನು ದೊಡ್ಡದು ಮಾಡಿ ಫೋನನ್ನು ಡೇಲ್ ಕಡೆ ತಿರುಗಿಸಿದಳು.

"ಡೇಲ್, ಅಡುಗೆಮನೇಲಿ ಬಾಣಲೆ ಕಲ್ಲಾಗಿದೆ. ಹತ್ತು ಹೆಜ್ಜೆ ಆಚೆ ಲೋಟದ ನೀರು ನೀರಾಗೇ ಇದೆ. ಹೇಗೆ?"

"ನನ್ನನ್ನ ಯಾಕೆ ಕೇಳ್ತೀಯ?"

"ಆ ಕೋಣೇಲಿ ಏನೋ ಉರೀತಿತ್ತು. ಬಾಗಿಲು ಹಾಕ್ಕೊಂಡು, ಅದೊಂದೇ ಕೋಣೇನ ಬೆಚ್ಚಗೆ ಮಾಡ್ಕೊಂಡಿದ್ದಾನೆ. ಫೋಟೋದಲ್ಲಿ ಅದು ಇಲ್ಲ."

"ಹೊದಿಕೆ ಜಾಸ್ತಿ ಇತ್ತು."

"ಲೋಟಕ್ಕೂ ಹೊದಿಸಿದ್ನಾ?"

ಹಾಗ್ಲಂಡ್‌ಗೆ ನಗು ಬಂತು. ಡೇಲ್ ನಗಲಿಲ್ಲ.

"ಅಲ್ವಾರದಲ್ಲಿ ಫರ್ನೇಸು ಕೈಕೊಟ್ರೆ ಎಲ್ಲರೂ ಮಾಡೋದು ಒಂದೇ," ಎಂದಳು ಐಲಾ. "ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯೋಕೆ ಇಡೋ ಮರದ ಗೂಡಿದೆಯಲ್ಲ, ಅದರಿಂದ ಗ್ಯಾಸ್ ಹೀಟರ್ ತಂದು ಮಂಚದ ಪಕ್ಕ ಇಟ್ಕೊಳ್ತಾರೆ. ಮಾಡಬೇಡಿ ಅಂತ ನಾನು ಮನೆಮನೆಗೆ ಹೇಳ್ತೀನಿ. ನನ್ನೆದುರಿಗೆ ಹೂಂ ಅಂತಾರೆ. ಲೂಯಿಯ ಹೀಟರ್ ಎಲ್ಲಿ?"

"ಗೂಡಲ್ಲಿರುತ್ತೆ."

"ಬರುವಾಗ ನೋಡ್ಕೊಂಡು ಬಂದೆ. ಅಲ್ಲಿಲ್ಲ. ಮರದ ಹಲಗೆ ಮೇಲೆ ಅದು ಕೂತಿದ್ದ ಚೌಕದ ಗುರುತು ಮಾತ್ರ ಇದೆ."

ಡೇಲ್ ಕೈಗಾಡಿಯ ಹಿಡಿಯನ್ನು ಬಿಟ್ಟ. ಅದು ಮೆಟ್ಟಿಲಿಗೆ ತಗುಲಿ ಸದ್ದಾಯಿತು.

"ನೀನು ದೊಡ್ಡ ಪತ್ತೇದಾರಿಣಿ ಆಗ್ಬಿಟ್ಯಾ? ಸ್ಕೂಲಲ್ಲಿ ಎರಡು ಸಲ ಲೆಕ್ಕದಲ್ಲಿ ಫೇಲ್ ಆದೋಳು."

"ನೀನು ಮೂರು ಸಲ. ಹೀಟರ್ ಎಲ್ಲಿ?"

"ಹಾಗ್ಲಂಡ್, ಇವಳನ್ನ ಸುಮ್ಮನಿರಿಸು. ಮನೆ ನನ್ನದು."

"ಮನೆ ನಿನ್ನದೇ," ಎಂದ ಹಾಗ್ಲಂಡ್. "ಪ್ರಶ್ನೆ ಈಗ ನನ್ನದು. ಎಲ್ಲಿ ಅದು?"

ಡೇಲ್ ಮೆಟ್ಟಿಲ ಮೇಲೆ ಕೂತ. ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ.

"ಮಂಚದ ಪಕ್ಕದಲ್ಲಿತ್ತು," ಎಂದ. "ಸಿಲಿಂಡರ್ ಖಾಲಿಯಾಗಿ ಆರಿತ್ತು. ಅದನ್ನ ದೊಡ್ಡಪ್ಪನಿಗೆ ಕೊಟ್ಟೋನು ನಾನೇ. ಕ್ರಿಸ್‌ಮಸ್‌ಗೆ. ಗಾಳಿ ಕಮ್ಮಿ ಆದ್ರೆ ಬೆಂಕಿ ತಾನಾಗಿ ಆರಿಸೋ ಒಂದು ಸಾಧನ ಇರುತ್ತಲ್ಲ ಅದರಲ್ಲಿ. ಗೂಡಲ್ಲಿ ಮಾತುಮಾತಿಗೆ ಆರ್ತಿತ್ತು. ಅದಕ್ಕೇ ಕಿತ್ತು ಹಾಕಿದ್ದೆ."

ಹಾಗ್ಲಂಡ್ ಅದನ್ನೂ ಬರೆದುಕೊಂಡ.

"ನಿಮಗೆ ಫೋನ್ ಮಾಡೋಕೆ ಮುಂಚೆ ಅದನ್ನ ನನ್ನ ಟ್ರಕ್ಕಿಗೆ ಹಾಕಿದೆ. ಭಯ ಆಯ್ತು. ನಾನು ಕೊಂದೆ ಅಂತ ಆಗ್ತಿತ್ತು."

"ಅದಕ್ಕೆ ನಾನು ಕೊಂದೆ ಅಂತ ಆಗ್ಲಿ ಅಂದ್ಕೊಂಡೆ," ಎಂದಳು ಐಲಾ.

"ನಿನಗೆ ವಿಮೆ ಇದೆಯಲ್ಲ," ಎಂದ ಡೇಲ್, ಬಹಳ ಮೆಲ್ಲಗೆ.

ಅವಳು ಅವನನ್ನು ಹೊಡೆಯಲಿಲ್ಲ. ಒಂಬತ್ತು ದಿನದಿಂದ ಅಂಗಡಿಯಲ್ಲಿ ಜನ ಅವಳನ್ನು ಕಂಡು ಸಾಲು ಬದಲಿಸುತ್ತಿದ್ದರು. ಚರ್ಚಿನ ಕಾಫಿಗೆ ಹೋದರೆ ಅವಳು ಕೂತ ಮೇಜು ಖಾಲಿಯಾಗುತ್ತಿತ್ತು. ಅದಕ್ಕೆ ಇವನೇ ಕಾರಣ ಎಂದು ತಿಳಿದಾಗಲೂ ಅವಳಿಗೆ ಸಿಟ್ಟು ಬರಬೇಕಾದಷ್ಟು ಬರಲಿಲ್ಲ. ಕೆಲಸ ಇನ್ನೂ ಬಾಕಿ ಇತ್ತು.

ಹಾಗ್ಲಂಡ್ ಪುಸ್ತಕ ಮುಚ್ಚಿದ. "ಅಲ್ಲಿಗೆ ಮುಗೀತು. ಹಳೇ ಫರ್ನೇಸು ಆರಿಹೋಯ್ತು, ಮುದುಕ ಹೀಟರ್ ತಂದ, ಹೀಟರ್ ಕೊಂದಿತು. ಆಕಸ್ಮಿಕ. ಡೇಲ್, ನೀನು ನನ್ನ ಜೊತೆ ಬರ್ತೀಯ. ಐಲಾ, ನೀನು ಮನೆಗೆ ಹೋಗು. ನಿನ್ನ ಲೈಸೆನ್ಸಿಗೆ ಏನೂ ಆಗಲ್ಲ."

ಹೋಗಬಹುದಿತ್ತು. ಹತ್ತೂ ಮುಕ್ಕಾಲು ಆಗಿತ್ತು. ಬೇಕಾದದ್ದು ಸಿಕ್ಕಿತ್ತು.

"ಫರ್ನೇಸು ತಾನಾಗಿ ಆರಿಹೋಗಲಿಲ್ಲ. ಇಲ್ಲಿ ಬಗ್ಗಿ ನೋಡಿ," ಎಂದಳು.

ಹಾಗ್ಲಂಡ್ ಮೊಣಕಾಲು ಹಿಡಿದುಕೊಂಡು ಬಗ್ಗಿದ. ಪೈಲಟ್ ಜ್ವಾಲೆಯ ಮೂತಿಯಿಂದ ಒಂದು ತೆಳು ತಾಮ್ರದ ತಂತಿ ಗ್ಯಾಸಿನ ವಾಲ್ವಿಗೆ ಹೋಗುತ್ತಿತ್ತು. ವಾಲ್ವಿಗೆ ಸೇರುವಲ್ಲಿ ಅದಕ್ಕೊಂದು ಸಣ್ಣ ನಟ್ಟು.

"ಜ್ವಾಲೆ ಇದೆಯೋ ಇಲ್ಲವೋ ಅಂತ ವಾಲ್ವಿಗೆ ಹೇಳೋದು ಈ ತಂತಿ. ನಟ್ಟು ಸಡಿಲ ಆದ್ರೆ ಸುದ್ದಿ ತಲುಪಲ್ಲ. ಜ್ವಾಲೆ ಆರಿದೆ ಅಂದ್ಕೊಂಡು ವಾಲ್ವು ಗ್ಯಾಸು ನಿಲ್ಲಿಸಿಬಿಡುತ್ತೆ. ನಟ್ಟು ಬಿಗಿ ಮಾಡಿದ ಮೇಲೆ ನಾನು ನಟ್ಟಿನಿಂದ ವಾಲ್ವಿನವರೆಗೆ ಕೆಂಪು ಮಾರ್ಕರಿನಲ್ಲಿ ಒಂದು ಗೆರೆ ಎಳೀತೀನಿ. ಯಾವಾಗಲೂ. ಮುಂದಿನ ವರ್ಷ ಬಂದಾಗ ಗೆರೆ ಒಂದೇ ಆಗಿದ್ರೆ ನಟ್ಟು ಅಲುಗಿಲ್ಲ ಅಂತ ಅರ್ಥ."

ಟಾರ್ಚಿನ ಬೆಳಕಿನಲ್ಲಿ ಗೆರೆ ಎರಡು ತುಂಡಾಗಿತ್ತು. ವಾಲ್ವಿನ ಮೇಲಿನದು ಈ ಕಡೆ, ನಟ್ಟಿನ ಮೇಲಿನದು ಪೂರ್ತಿ ಆ ಕಡೆ. ನಟ್ಟು ಮೇಲೆದ್ದು ನಿಂತಿತ್ತು. ಅದರ ಎರಡು ಮಗ್ಗುಲಿನಲ್ಲಿ ಸ್ಪ್ಯಾನರ್ ಕಚ್ಚಿದ ಹೊಸ ಗಾಯ, ಹಿತ್ತಾಳೆ ಹೊಳೆಯುತ್ತಿತ್ತು.

"ಫೋಟೋ ತಗೊಳ್ಳಿ," ಎಂದಳು.

ಅವನು ತೆಗೆದುಕೊಂಡ ಮೇಲೆ ಅವಳು ನಟ್ಟನ್ನು ಬಿಗಿ ಮಾಡಿದಳು, ಎಣಿಸುತ್ತ. ಒಂದು ಸುತ್ತು. ಇನ್ನರ್ಧ. ಗೆರೆ ಮತ್ತೆ ಒಂದಾಯಿತು. ಬಿಳಿ ಗುಂಡಿಯನ್ನು ಒಳಗೆ ಒತ್ತಿದಳು. ಪೈಲಟ್ ಹತ್ತಿಸಿ ವಾಲ್ವಿನ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿದು ಕೈ ಬಿಟ್ಟಳು. ಜ್ವಾಲೆ ನಿಂತಿತು. ವಾಲ್ವು ತಿರುಗಿಸಿದಾಗ ಬರ್ನರುಗಳು ಒಂದರ ಹಿಂದೆ ಒಂದು ನೀಲಿಯಾಗಿ ಹೊತ್ತಿಕೊಂಡವು. ಹೊಗೆ ಕೊಳವೆಯ ಬಾಯಿಗೆ ವಿಷಾನಿಲದ ಮೀಟರು ಹಿಡಿದಳು. ಸೊನ್ನೆ. ಕೆಲವು ನಿಮಿಷದಲ್ಲಿ ಫ್ಯಾನು ತಾನಾಗಿ ತಿರುಗಿ, ತಲೆಯ ಮೇಲಿನ ತಗಡಿನ ಕೊಳವೆ ಟಕಟಕ ಎಂದು ಹಿಗ್ಗಿತು. ಬೆಚ್ಚನೆ ಗಾಳಿ ಬಂತು.

"ನಲವತ್ತು ವರ್ಷದ ಪೆಟ್ಟಿಗೆ," ಎಂದಳು. "ಇದಕ್ಕೆ ಯಾವ ರೋಗವೂ ಇರಲಿಲ್ಲ. ಯಾರೋ ನಟ್ಟು ಸಡಿಲ ಮಾಡಿ, ಮನೆ ಬೇಗ ಕೊರೆಯಲಿ ಅಂತ ಫ್ಯಾನಿನ ಗುಂಡಿ ಎಳೆದಿದ್ದಾರೆ. ಭಾನುವಾರ ಲೂಯಿ ಯಾರನ್ನೂ ಕರೆಯಲ್ಲ, ಹೀಟರ್ ತರ್ತಾನೆ ಅಂತ ಅವರಿಗೆ ಗೊತ್ತಿತ್ತು."

ಹಾಗ್ಲಂಡ್ ಬೆಂಕಿಗೆ ಕೈ ಕಾಸಿಕೊಳ್ಳುತ್ತಿದ್ದ. "ಅಷ್ಟು ದೂರ ಹೋಗಬೇಡ, ಐಲಾ. ಹಳೇ ಯಂತ್ರ. ಅದುರಿ ಅದುರಿ ನಟ್ಟು ತಾನಾಗೇ ಸಡಿಲ ಆಗುತ್ತಂತೆ. ಸ್ಪ್ಯಾನರ್ ಗುರುತು ನಿನ್ನದೇ ಇರಬಹುದು. ರೈನೋ ಹೇಳಿದ."

"ಯಾವಾಗ ಹೇಳಿದ್ರು?"

"ಇವತ್ತು ಬೆಳಿಗ್ಗೆ. ಏಳು ಗಂಟೆಗೆ ಫೋನ್ ಮಾಡಿದ್ದ. ಪಾಪ, ನಿನ್ನ ಚಿಂತೆ ಅವನಿಗೆ. ಅವಳು ಹಟಕ್ಕೆ ಬಿದ್ದಿದ್ದಾಳೆ, ಏನೇನೋ ಹೇಳ್ತಾಳೆ, ಕಿವಿಗೆ ಹಾಕ್ಕೋಬೇಡ ಅಂದ."

"ಯಾವ ನಟ್ಟು ಅಂತ ಹೇಳಿದ್ರು?"

"ಬರ್ಕೊಂಡಿದೀನಿ ಇರು." ಹಾಗ್ಲಂಡ್ ಪುಸ್ತಕದ ಹಾಳೆ ಹಿಂದಕ್ಕೆ ಮಗುಚಿದ. ಓದತೊಡಗಿದ. "'ವಾಲ್ವಿನ ಹಿಂದಿನ ಸಣ್ಣ ನಟ್ಟು. ಒಂದೂವರೆ ಸುತ್ತು ಸಡಿಲ ಆಗಿರೋದು...'"

ಅಲ್ಲಿಗೆ ನಿಲ್ಲಿಸಿದ. ಕತ್ತೆತ್ತಲಿಲ್ಲ.

ಮುಚ್ಚಳ ಅವಳು ತೆಗೆದು ಅರ್ಧ ಗಂಟೆ ಆಗಿತ್ತು. ಸುತ್ತು ಎಣಿಸಿ ಹತ್ತು ನಿಮಿಷ. ಏಳು ಗಂಟೆಗೆ ಬಾಗಿಲ ಮೇಲೆ ಪಟ್ಟಿ ಇತ್ತು, ಅದರ ಮೇಲೆ ಹಾಗ್ಲಂಡ್‌ನದೇ ಸಹಿ ಇತ್ತು.

"ಐಲಾ," ಎಂದ ಅವನು, ಬೇರೆ ದನಿಯಲ್ಲಿ. "ಇಂಥ ನಟ್ಟು ಎಷ್ಟು ಸಡಿಲ ಮಾಡಿದ್ರೆ ಜ್ವಾಲೆ ಆರುತ್ತೆ ಅಂತ ಈ ಊರಲ್ಲಿ ಎಷ್ಟು ಜನಕ್ಕೆ ಗೊತ್ತು?"

"ಇಬ್ಬರಿಗೆ. ನನ್ನ ಹೆಸರು ಮೊದಲು ಬರ್ಕೊಳ್ಳಿ."

ಅವನು ಬರೆದುಕೊಂಡ. ಪೆನ್ನು ಕೆಳಗಿನ ಸಾಲಿನಲ್ಲಿ ನಿಂತಿತು.

"ಹೀಟರ್ ಈಗ ನನ್ನ ಹತ್ರ ಇಲ್ಲ," ಎಂದ ಡೇಲ್ ಮೆಟ್ಟಿಲಿನಿಂದ. "ನಿನ್ನೆ ಸಂಜೆ ರೈನೋ ನನ್ನ ಗ್ಯಾರೇಜಿಗೆ ಬಂದಿದ್ದ. ನನ್ನ ಹತ್ರ ಇದೆ ಅಂತ ಅವನಿಗೆ ಹೇಗೆ ಗೊತ್ತಾಯ್ತೋ. ಕೊಡು, ಸರೋವರದ ಐಸು ಕೊರೆದು ನೀರೊಳಗೆ ಬಿಡ್ತೀನಿ, ನೀನೂ ಉಳೀತೀಯ ಅಂದ. ಕೊಟ್ಟೆ."

ಐಲಾ ಫೋನು ತೆಗೆದಳು.

"ಬೇಡ. ಇದು ಇನ್ಮೇಲೆ ನನ್ನ ಕೆಲಸ," ಎಂದ ಹಾಗ್ಲಂಡ್.

"ಒಂಬತ್ತು ದಿನ ನಿಮ್ಮದೇ ಇತ್ತು," ಎಂದು ಅವಳು ನಂಬರು ಒತ್ತಿದಳು.

ಮೊದಲ ಗಂಟೆಗೇ ರೈನೋ ಎತ್ತಿದ. ಹಿಂದೆ ಬಯಲಿನ ಗಾಳಿ. ಐಸು ಕೊರೆಯುವ ಯಂತ್ರದ ಮೊರೆತ. ಅದು ನಿಂತಿತು.

"ಸಹಿ ಹಾಕಿದ್ಯಾ, ಹುಡುಗಿ?" ಎಂದ ರೈನೋ.

"ಇಲ್ಲ. ಹಾಕೋದೂ ಇಲ್ಲ."

"ಕೊಳವೆ ಟಕಟಕ ಅಂತ ಹಿಗ್ಗೋದು ಕೇಳಿಸ್ತಿದೆ. ಹತ್ತಿಸಿದೀಯ."

"ಹತ್ತಿಸಿದೀನಿ. ಚೆನ್ನಾಗಿ ಉರೀತಿದೆ."

"ಉರಿಯುತ್ತೆ. ನಾನು ಕಲಿಸಿದ ಕೈಯಲ್ವಾ." ಅವನ ದನಿಯಲ್ಲಿ ಅವಸರ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಅವಳಿಗೆ ಮನೆಗಳ ವಿಳಾಸ ಹೇಳುತ್ತಿದ್ದ ಅದೇ ದನಿ. "ನೋಡು ಐಲಾ, ಲೂಯಿ ಆ ಸೋಮವಾರ ನಿನ್ನನ್ನ ಕರೆಸ್ತಿದ್ದ. ಫರ್ನೇಸಿಗಲ್ಲ. ನಿನಗೊಂದು ವಿಷಯ ಹೇಳೋನಿದ್ದ. ಬೇಡ ಅಂತ ತಿಂಗಳಿಂದ ಬೇಡ್ಕೊಂಡೆ. ಕೇಳಲಿಲ್ಲ. ಈಗ ಆ ಮಾತನ್ನ ನಾನೇ ಹೇಳ್ತೀನಿ. ಸರೋವರಕ್ಕೆ ಒಬ್ಬಳೇ ಬಾ. ಕೇಳಿದ ಮೇಲೂ ನನ್ನ ಹೆಸರು ಬರೆಸೋ ಮನಸ್ಸು ನಿನಗೆ ಉಳಿದ್ರೆ, ಬರೆಸು."

ಲೂಯಿ ತನಗೆ ಏನನ್ನಾದರೂ ಹೇಳಲಿದ್ದ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಹಾಗ್ಲಂಡ್ ಪೆನ್ನು ಹಿಡಿದು ಅವಳನ್ನೇ ನೋಡುತ್ತಿದ್ದ. ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬಾಯನ್ನು ಅದಕ್ಕೆ ಇನ್ನಷ್ಟು ಹತ್ತಿರ ತಂದಳು.

"ಎರಡನೇ ಹೆಸರು ಬರ್ಕೊಳ್ಳಿ, ಹಾಗ್ಲಂಡ್ ಅವರೇ. ರೈನೋ ಲಾಹ್ತಿ."

ಆ ಕಡೆ ಕೊಂಚ ಹೊತ್ತು ಬರೀ ಗಾಳಿ. ಆಮೇಲೆ ಐಸು ಕೊರೆಯುವ ಯಂತ್ರ ಮತ್ತೆ ಮೊರೆಯತೊಡಗಿತು.